ಏನೂ ಆಗಲಿಲ್ಲವಲ್ಲ!

ಆಸ್ತಿ ಎಂದರೇನು ಎಂದು ನಮ್ಮ ಕಡೆಯ ಹಿರಿಯರನ್ನು ಕೇಳಿ ನೋಡಿ. ಅವರು ವ್ಯಾಖ್ಯೆ ಹೇಳುವುದಿಲ್ಲ, ಎಣಿಸಿ ಹೇಳುತ್ತಾರೆ. ಇಷ್ಟು ಎಕರೆ ಹೊಲ, ಒಂದು ಬಾವಿ, ಒಂದು ಜೋಡಿ ಎತ್ತು, ಒಂದು ಮನೆ. ಎಣಿಸಿ ಮುಗಿಸಿದ ಮೇಲೆ ನಿಟ್ಟುಸಿರಿನೊಂದಿಗೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: “ಎತ್ತೇನೋ ಅದಾವ, ಮೇವು ನೀರು ನೋಡಾವ್ರು ಯಾರು?” ಇರುವುದು ಬೇರೆ, ನೋಡಿಕೊಳ್ಳುವುದು ಬೇರೆ ಎಂಬ ತಿಳಿವಳಿಕೆ ಆ ನಿಟ್ಟುಸಿರಿನಲ್ಲಿದೆ. ಒಂದು ವಸ್ತು ನನ್ನದು ಎಂದಾಗ ನಾನು ಹೇಳುತ್ತಿರುವುದು ಅದರ ಮೇಲಿನ ನನ್ನ ಹಕ್ಕನ್ನೋ, ಅದರ ಬಗ್ಗೆ ನನಗಿರುವ ಹೊಣೆಯನ್ನೋ? ಎರಡನ್ನೂ ಎಂದು ಬೇಗನೆ ಉತ್ತರ ಕೊಟ್ಟುಬಿಡಬಹುದು. ಆದರೆ ಹಕ್ಕು ಒಬ್ಬರ ಹತ್ತಿರ ಉಳಿದು, ಹೊಣೆ ಮಾತ್ರ ಬೇರೊಬ್ಬರ ತಲೆಯ ಮೇಲೆ ಬಂದು ಕುಳಿತಾಗ ಏನು ಹೇಳಬೇಕು? ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ನಮ್ಮ ಜಿಲ್ಲೆಯಲ್ಲಿ ಯಾರ ಅಂಗಳದಲ್ಲೂ ಕಾಣದ ಒಂದು ವಸ್ತು: ಖಾಸಗಿಯವರ ಪುಟ್ಟ ವಿಮಾನ.

ವಿಜಯಪುರದಲ್ಲಿ ಕುಳಿತು ಖಾಸಗಿ ವಿಮಾನದ ಮಾತಾಡುವುದು ಕೆಲವರಿಗೆ ನಗೆಪಾಟಲಿನ ವಿಷಯ ಅನಿಸೀತು. ಊರ ಹೊರಗೆ ಬುರಣಾಪುರ–ಮದಭಾವಿಗಳ ಹತ್ತಿರ ವಿಮಾನ ನಿಲ್ದಾಣದ ಕೆಲಸ ಶುರುವಾದದ್ದೇ 2021ರಲ್ಲಿ. ತಿಕೋಟಾ, ಬಬಲೇಶ್ವರದ ಕಡೆ ಜನ ತಲೆಯೆತ್ತಿ ಆಕಾಶ ನೋಡುವುದು ಮೋಡಕ್ಕಾಗಿ. ದ್ರಾಕ್ಷಿಯನ್ನು ಒಣಗಲು ಹಾಕಿದ ದಿನಗಳಲ್ಲಂತೂ ಮೋಡ ಬಾರದಿರಲಿ ಎಂದು. ಆದರೂ ಪುಟ್ಟ ವಿಮಾನಕ್ಕೂ ನಮಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂದೇ ಇಂಜಿನ್ನಿನ ‘ಪುಸ್ ಮಾತ್’ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಮದ್ರಾಸಿಗೆ ಅದನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವಿನ ನಿಲ್ದಾಣ ನಮ್ಮ ಬಳ್ಳಾರಿ. ತರಗತಿಯ ಗೋಡೆಯ ನಕಾಶೆಯ ಮೇಲೆ ಮುಂಬೈಗೂ ಬಳ್ಳಾರಿಗೂ ಅಡಿಪಟ್ಟಿ ಹಿಡಿದು ಗೆರೆ ಎಳೆದರೆ ಅದು ಅಥಣಿಗೂ ತಿಕೋಟಾಕ್ಕೂ ನಡುವೆ ಹಾಯುತ್ತದೆ. ಅಂಥ ಗೆರೆಯ ಕೆಳಗೆ ಹೊಲದಲ್ಲಿ ಎಡೆ ಹೊಡೆಯುತ್ತಿರುವವನಿಗೆ, ತಲೆಯ ಮೇಲೆ ಹಾಯುವ ಯಂತ್ರವನ್ನು ಯಾರು ಪರೀಕ್ಷಿಸಿದ್ದಾರೆ, ಸರಿಯಿದೆ ಎಂದು ಯಾರು ಹೇಳಿದ್ದಾರೆ ಎಂದು ತಿಳಿಯುವ ದಾರಿ ಅಂದೂ ಇರಲಿಲ್ಲ, ಇಂದೂ ಇಲ್ಲ. ನಂಬುವುದೊಂದೇ ಅವನ ಪಾಲಿನ ಕೆಲಸ.

ಪುರಾಣ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಪುಷ್ಪಕ ವಿಮಾನಕ್ಕೆ ಆಯಿಲ್ ಬದಲಿಸಿದರೆಂದು ಯಾವ ಕವಿಯೂ ಬರೆದಿಲ್ಲ. ಅದು ಕುಬೇರನದು, ರಾವಣ ಕಸಿದುಕೊಂಡ, ರಾಮ ಒಮ್ಮೆ ಬಳಸಿ ಕುಬೇರನಿಗೇ ಮರಳಿಸಿದ. ಒಡೆತನದ ಮೂರು ಬಗೆಗಳು ಆ ಒಂದು ಕಥೆಯಲ್ಲೇ ಇವೆ. ಆದರೆ 1958ರಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಅದೇ ಹೆಸರಿನಿಂದ ಹುಟ್ಟಿದ ‘ಪುಷ್ಪಕ್’ ಎಂಬ ಎರಡು ಆಸನದ ವಿಮಾನ ಮಣ್ಣಿನ ಲೋಕದ್ದು. ಬಟ್ಟೆ ಹೊದಿಸಿದ ಮೈ, 90 ಅಶ್ವಶಕ್ತಿಯ ಇಂಜಿನ್. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಅಂಥವನ್ನು ನೂರಕ್ಕೂ ಮೇಲೆ ತಯಾರಿಸಿದರು. 1993ರಲ್ಲಿ ಬೆಂಗಳೂರಿನದೇ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ‘ಹಂಸ’ ಹಾರಿತು. ಹೆಸರುಗಳೇನೋ ಪುರಾಣದವು, ಆದರೆ ಈ ವಿಮಾನಗಳ ಬೋಲ್ಟು ಸಡಿಲಾಗುತ್ತದೆ, ಬಟ್ಟೆ ಹರಿಯುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಒಡೆಯ ಕುಬೇರನೇ ಆಗಿದ್ದರೂ ಯಾರಾದರೂ ಬಗ್ಗಿ ನೋಡಲೇಬೇಕು.

ಹೀಗೆ ಬಗ್ಗಿ ನೋಡುವುದೆಂದರೆ ಏನೆಂದು ನನಗೆ ಮೊದಲು ತಿಳಿದದ್ದು ನನ್ನ ತಂಗಿಯ ಮಗನಿಂದ. ಅವನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅವನೂ ಮೂವರು ಗೆಳೆಯರೂ ಕೂಡಿ 1970ರ ದಶಕದ ಒಂದು ಸೆಸ್ನಾ 172 ವಿಮಾನವನ್ನು ಪಾಲಿನಲ್ಲಿ ಇಟ್ಟುಕೊಂಡಿದ್ದಾರೆ. ಮಗ ವಿಮಾನ ಕೊಂಡನೆಂದು ತಂಗಿ ಓಣಿಯ ತುಂಬ ಹೇಳಿಕೊಂಡು ಬಂದಳು. ಕೇಳಿದವರ ಕಣ್ಣಿಗೆ ಬಂದದ್ದು ಮಂತ್ರಿಗಳು ಹತ್ತಿ ಇಳಿಯುವ ವಿಮಾನ. ಅವನು ರಜೆಗೆ ಬಂದಾಗ ತೋರಿಸಿದ ಫೋಟೋದಲ್ಲಿದ್ದದ್ದು ನಾಲ್ಕು ಆಸನದ, ಒಳಗೆ ಹಳೆಯ ಅಂಬಾಸಿಡರ್‌ಗಿಂತಲೂ ಇಕ್ಕಟ್ಟಾದ ಒಂದು ಯಂತ್ರ. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಬೇರೊಂದಿಲ್ಲವಂತೆ; 1956ರಲ್ಲಿ ಶುರುವಾಗಿ, ನಡುವೆ ಹತ್ತು ವರ್ಷ ನಿಂತು, ಈವರೆಗೆ 44,000ಕ್ಕಿಂತ ಹೆಚ್ಚು. ಹೀಗಾಗಿ ಅಲ್ಲಿ ಐವತ್ತು ವರ್ಷದ ಹಳೆಯ ವಿಮಾನಗಳು ಇನ್ನೂ ಹಾರುತ್ತಿವೆ. “ಹಾರೂದು ಒಂದು ತಾಸು, ನೋಡೂದು ಎರಡು ತಾಸು, ದೊಡ್ಡವ್ವ” ಎಂದು ಅವನು ನಗುತ್ತ ಹೇಳಿದ.

ನೋಡುವುದೆಂದರೆ ಹೀಗೆ. ಪ್ರತಿ ಸಲ ಹಾರುವ ಮೊದಲು ವಿಮಾನದ ಸುತ್ತ ಒಂದು ಪ್ರದಕ್ಷಿಣೆ. ರೆಕ್ಕೆಯ ಅಡಿಯಿಂದ ಒಂದು ಸಣ್ಣ ಬಟ್ಟಲಿಗೆ ಪೆಟ್ರೋಲು ಇಳಿಸಿ ಬೆಳಕಿಗೆ ಹಿಡಿಯಬೇಕು. ನೀರು ಸೇರಿದ್ದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇಂಜಿನ್ನಿನ ಆಯಿಲ್ ಎಷ್ಟಿದೆ ಎಂದು ಕಡ್ಡಿ ಎಳೆದು ನೋಡಬೇಕು. ಪಂಖದ ಅಂಚಿನ ಮೇಲೆ ಬೆರಳಾಡಿಸಿ, ಎಲ್ಲಾದರೂ ಸಣ್ಣ ಕಚ್ಚು ಬಿದ್ದಿದೆಯೇ ಎಂದು ಮುಟ್ಟಿ ತಿಳಿಯಬೇಕು. ಗಾಳಿಯ ವೇಗ ಅಳೆಯುವ ಒಂದು ಕೊಳವೆ ಹೊರಗೆ ಚಾಚಿಕೊಂಡಿರುತ್ತದೆ. ವಿಮಾನ ನಿಂತಾಗ ಅದಕ್ಕೆ ಬಟ್ಟೆಯ ಗವಸು ಹಾಕುತ್ತಾರೆ. ಹಾಕದಿದ್ದರೆ ಕಡಜ ಒಳಗೆ ಹೊಕ್ಕು ಮಣ್ಣಿನ ಗೂಡು ಕಟ್ಟುತ್ತದೆ. ನಮ್ಮ ಮನೆಯ ಬಾಗಿಲ ಮೂಲೆಯಲ್ಲಿ ಕಟ್ಟುವಂಥದೇ. ಇದು ತೀರ ಚಿಕ್ಕ ಮಾತೆಂದು ತಳ್ಳಿಹಾಕುವಂತಿಲ್ಲ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಮೇಲೆದ್ದ ಬರ್ಗನ್ ಏರ್ ಕಂಪನಿಯ ದೊಡ್ಡ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಗವಸಿಲ್ಲದೆ ನಿಂತಿದ್ದಾಗ ಆ ಕೊಳವೆಯೊಳಗೆ ಹುಳು ಗೂಡು ಕಟ್ಟಿರಬೇಕು ಎಂಬುದು ತನಿಖೆ ನಡೆಸಿದವರ ಅಂದಾಜು.

ಇದು ದಿನದಿನದ ನೋಟ. ಇದಲ್ಲದೆ ಐವತ್ತು ತಾಸು ಹಾರಿದ ಮೇಲೆ ಅಥವಾ ನಾಲ್ಕು ತಿಂಗಳಿಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ವರ್ಷಕ್ಕೊಮ್ಮೆ ಇಡೀ ವಿಮಾನವನ್ನು ಬಿಚ್ಚಿ, ಅಧಿಕಾರ ಪಡೆದ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಬೇಕು. ಅಂಥ ಇಂಜಿನ್ನನ್ನು 2,000 ತಾಸು ಅಥವಾ ಹನ್ನೆರಡು ವರ್ಷಕ್ಕೆ ಪೂರ್ತಿ ಕಳಚಿ ಹೊಸದು ಮಾಡಬೇಕೆಂದು ತಯಾರಕರು ಹೇಳುತ್ತಾರೆ. ಪ್ರತಿಯೊಂದು ಕೆಲಸವನ್ನೂ ಲಾಗ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದು, ಮಾಡಿದವರು ಸಹಿ ಮಾಡಬೇಕು. ವಿಮಾನವನ್ನು ಹಾರಲು ಯೋಗ್ಯವಾದ ಸ್ಥಿತಿಯಲ್ಲಿಡುವ ಮೊದಲ ಹೊಣೆ ಒಡೆಯನದು ಅಥವಾ ನಡೆಸುವವನದು ಎಂದು ಅಮೆರಿಕದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. 1994ರಲ್ಲಿ ಅಲ್ಲಿ ಬಂದ ಇನ್ನೊಂದು ಕಾಯ್ದೆಯ ಪ್ರಕಾರ, ಸಣ್ಣ ವಿಮಾನ ತಯಾರಾಗಿ ಹದಿನೆಂಟು ವರ್ಷ ಕಳೆದರೆ, ಕೆಲವು ಸಂದರ್ಭಗಳನ್ನು ಬಿಟ್ಟು, ಅಪಘಾತಕ್ಕೆ ತಯಾರಕರ ಮೇಲೆ ದಾವೆ ಹೂಡುವಂತಿಲ್ಲ. ಮಗಳನ್ನು ಕೊಟ್ಟು ಹದಿನೆಂಟು ವರ್ಷವಾಯಿತು, ಇನ್ನು ನಮ್ಮ ಮೇಲೆ ದೂರು ಬೇಡ ಎಂದು ತವರಿನವರು ಹೇಳಿದ ಹಾಗೆ! ಅಲ್ಲಿಂದ ಮುಂದೆ ಹಳೆಯ ವಿಮಾನದ ಭಾರ ಇಟ್ಟುಕೊಂಡವರ ಮೇಲೆ. ನಮ್ಮ ದೇಶದಲ್ಲೂ ನಾಗರಿಕ ವಿಮಾನಯಾನದ ನಿಯಮಗಳು ಈ ಹೊಣೆಯನ್ನು ಒಡೆಯನ ಹೆಸರಿಗೇ ಬರೆದಿವೆ. ಆದರೆ ಕೆಲಸ ಮುಗಿದ ಮೇಲೆ ‘ಹಾರಲು ಬಿಡಬಹುದು’ ಎಂದು ಸಹಿ ಮಾಡುವವನು ಒಡೆಯನಲ್ಲ. ಡಿಜಿಸಿಎಯಿಂದ ಪರವಾನಗಿ ಪಡೆದ ವಿಮಾನ ನಿರ್ವಹಣಾ ಇಂಜಿನಿಯರ್.

ಇನ್ನೊಂದು ಸಂಗತಿ ನನಗೆ ಹೊಸದಾಗಿತ್ತು. ಹಾರದೆ ನಿಂತ ವಿಮಾನ ಹಾರುವ ವಿಮಾನಕ್ಕಿಂತ ಬೇಗ ಕೆಡುತ್ತದೆ. ಇಂಜಿನ್ನಿನೊಳಗೆ ಕ್ಯಾಮ್‌ಶಾಫ್ಟ್ ಎಂಬ ಉಕ್ಕಿನ ದಂಡವೊಂದಿದೆ. ಈ ಬಗೆಯ ಇಂಜಿನ್ನುಗಳಲ್ಲಿ ಅದು ಮೇಲ್ಭಾಗದಲ್ಲಿರುತ್ತದೆ. ಇಂಜಿನ್ ತಿರುಗುತ್ತಿದ್ದರೆ ಆಯಿಲ್ ಮೇಲೇರಿ ಅದನ್ನು ನೆನೆಸುತ್ತಿರುತ್ತದೆ. ತಿಂಗಳುಗಟ್ಟಲೆ ನಿಂತರೆ ಆಯಿಲ್ ಇಳಿದುಹೋಗಿ, ತೇವಕ್ಕೆ ತುಕ್ಕು ಕೂರುತ್ತದೆ. ಮತ್ತೆ ಶುರು ಮಾಡಿದ ದಿನ ಆ ತುಕ್ಕೇ ಅರೆಯುವ ಕಲ್ಲಾಗುತ್ತದೆ. ಸೇದದ ಬಾವಿಯ ನೀರು ಕೆಡುತ್ತದೆಂದು ನಾವು ಹೇಳುವುದೂ ಇದನ್ನೇ ಅಲ್ಲವೇ? ಕೊಂಡು ಕಟ್ಟಿಹಾಕಿದ ಮಾತ್ರಕ್ಕೆ ಒಡೆತನ ಉಳಿಯುವುದಿಲ್ಲ. ವಸ್ತು ಒಳಗೊಳಗೇ ಕೈಬಿಟ್ಟು ಹೋಗುತ್ತಿರುತ್ತದೆ.

ಈಗ ನಾನು ಹೇಳಹೊರಟ ವಿಷಯಕ್ಕೆ ಬರುತ್ತೇನೆ. ಬಬಲೇಶ್ವರದ ಕಡೆಯ ಹಳ್ಳಿಯೊಂದರಿಂದ ಬಂದು ನಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ವಿಮಾನ ನಿರ್ವಹಣೆಯ ಕೋರ್ಸು ಮಾಡಿದ. ಅದಕ್ಕಾಗಿ ಅವರ ಅಪ್ಪ ಸಾಲ ಮಾಡಿದರು. ಹುಡುಗ ಒಂದೊಂದೇ ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದು, ಬೇರೆ ರಾಜ್ಯದಲ್ಲಿ ಸಣ್ಣ ವಿಮಾನಗಳನ್ನು ನೋಡಿಕೊಳ್ಳುವ ಒಂದು ಕಡೆ ಕೆಲಸಕ್ಕೆ ಸೇರಿದ. ಅಲ್ಲಿಗೆ ಒಬ್ಬ ಶ್ರೀಮಂತರ ವಿಮಾನ ಬಂತು. ಇಡೀ ಮಳೆಗಾಲ ಹಾರದೆ ನಿಂತಿದ್ದ ವಿಮಾನ. ಒಂದೆರಡು ಸಲ ಹಾರಿಸಿ, ಆಯಿಲ್ ಬದಲಿಸಲು ಕೊಟ್ಟಿದ್ದರು. ಹಳೆಯ ಫಿಲ್ಟರನ್ನು ಎಸೆಯುವ ಮೊದಲು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ನೋಡುವುದು ಆ ಕೆಲಸದ ಪದ್ಧತಿ. ಬಿಡಿಸಿದಾಗ ಮಡಿಕೆಗಳಲ್ಲಿ ಸಣ್ಣಗೆ ಹೊಳೆಯುವ ಚೂರುಗಳಿದ್ದವು. ಅಯಸ್ಕಾಂತ ಹಿಡಿದರೆ ಅಂಟಿದವು. ಅಂದರೆ ಉಕ್ಕು, ಒಳಗೆ ಎಲ್ಲೋ ಏನೋ ಸವೆಯುತ್ತಿದೆ. ಎಲ್ಲಿ ಎಂದು ತಿಳಿಯಲು ಇಂಜಿನ್ನನ್ನು ಬಿಚ್ಚಬೇಕು. ದಿನಗಳು ಹಿಡಿಯುತ್ತವೆ, ದುಡ್ಡು ಲಕ್ಷಗಳಲ್ಲಿ. ಒಡೆಯರಿಗೆ ಮರುದಿನ ಬೆಳಿಗ್ಗೆ ಒಂದು ಮದುವೆಗೆ ಹೋಗಬೇಕಾಗಿತ್ತು. “ಇಂಜಿನ್ ಚೆನ್ನಾಗಿಯೇ ಓಡುತ್ತಿದೆಯಲ್ಲ, ಬಂದ ಮೇಲೆ ನೋಡೋಣ, ಈಗ ಸಹಿ ಮಾಡು” ಎಂದರು. ಹುಡುಗ ಮಾಡಲಿಲ್ಲ. ಆ ಸಂಜೆಯೇ ಇನ್ನೊಬ್ಬರು ಸಹಿ ಮಾಡಿದರು. ವಾರದೊಳಗೆ ಇವನನ್ನು ಕೆಲಸದಿಂದ ಬಿಡಿಸಿದರು.

ವಿಮಾನ ಹೋಯಿತು, ಬಂತು. ಆಮೇಲೂ ಕೆಲವು ಸಲ ಹಾರಿತು. ಏನೂ ಆಗಲಿಲ್ಲ.

ಕಥೆಯಾಗಿದ್ದರೆ ಇಲ್ಲಿ ವಿಮಾನ ಬೀಳಬೇಕಾಗಿತ್ತು, ಅಥವಾ ಬೀಳುವುದು ಸ್ವಲ್ಪದರಲ್ಲಿ ತಪ್ಪಬೇಕಾಗಿತ್ತು. ಆಗ ಹುಡುಗ ಸರಿ, ಉಳಿದವರು ತಪ್ಪು ಎಂದು ನೀತಿ ಹೇಳಿ ಪುಸ್ತಕ ಮುಚ್ಚಬಹುದಾಗಿತ್ತು. ಜೀವನ ಆ ಸೌಕರ್ಯವನ್ನು ಕೊಡಲಿಲ್ಲ. ಹುಡುಗ ಊರಿಗೆ ಬಂದು ಕುಳಿತ. ಅವನ ತಾಯಿ ಒಂದು ದಿನ ಮನೆಗೆ ಬಂದು ನನ್ನನ್ನು ಕೇಳಿದರು: “ಏನೂ ಆಗಲಿಲ್ಲಲ್ರಿ ಅಕ್ಕೋರ. ಒಂದು ಸಹಿ ಮಾಡಿದ್ರ ಇವಂದೇನು ಹೋಗತಿತ್ತು?” ಸಾಲದ ಬಡ್ಡಿ ಕಟ್ಟುವ ಮನೆಯಿಂದ ಬಂದ ಪ್ರಶ್ನೆ ಅದು. ಅದಕ್ಕೆ ಹಗುರವಾಗಿ ಉತ್ತರ ಕೊಡುವ ಧೈರ್ಯ ನನಗಾಗಲಿಲ್ಲ. ಆ ತಾಯಿಗೆ ಹೇಳಬೇಕಾದುದನ್ನು ಬಹಳ ದಿನ ಯೋಚಿಸಿದ್ದೇನೆ.

‘ಏನೂ ಆಗಲಿಲ್ಲ’ ಎಂಬುದು ಆದ ಮೇಲೆ ತಿಳಿಯುವ ಮಾತು. ಸಹಿ ಮಾಡುವುದು ಆಗುವ ಮೊದಲು. ಈ ಎರಡರ ನಡುವಿನ ಕಾಲವನ್ನು ನಾವು ಮರೆಯುತ್ತೇವೆ. ಸಹಿ ಎಂದರೆ ‘ಏನೂ ಆಗುವುದಿಲ್ಲ’ ಎಂಬ ಭವಿಷ್ಯವಾಣಿ ಅಲ್ಲ. ಅದನ್ನು ಜ್ಯೋತಿಷಿಗಳು ನೋಡಿಕೊಳ್ಳಲಿ. ‘ನಾನು ಕಣ್ಣಾರೆ ನೋಡಿದ್ದೇನೆ, ಸರಿಯಿದೆ’ ಎಂಬುದಷ್ಟೇ ಅದರ ಅರ್ಥ. ಹುಡುಗ ನೋಡಿದ್ದ, ಸರಿಯಿರಲಿಲ್ಲ. ವಿಮಾನ ಕ್ಷೇಮವಾಗಿ ಇಳಿದರೂ ಫಿಲ್ಟರಿನೊಳಗೆ ಉಕ್ಕಿನ ಚೂರುಗಳು ಇದ್ದದ್ದು ಸುಳ್ಳಾಗುವುದಿಲ್ಲ. ಸಹಿ ಮಾಡಿದ್ದರೆ ವಿಮಾನ ಬೀಳದಿದ್ದರೂ ಆ ಸಹಿ ಸುಳ್ಳೇ ಆಗುತ್ತಿತ್ತು.

ನಮ್ಮ ಜಿಲ್ಲೆಗೆ ಈ ಪಾಠವನ್ನು ವಿಮಾನ ಕಲಿಸಬೇಕಾಗಿಲ್ಲ, ಕೊಳವೆಬಾವಿ ಕಲಿಸಿದೆ. 2014ರ ಜೂನ್‌ನಲ್ಲಿ ನಾಗಠಾಣದಲ್ಲಿ ಒಂದು ಹೆಣ್ಣುಮಗು ಮುಚ್ಚದ ಕೊಳವೆಬಾವಿಯಲ್ಲಿ ಬಿತ್ತು, ಜೀವಂತ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಒಂದು ಗಂಡುಮಗು ಬಿತ್ತು. ಸುಮಾರು ಇಪ್ಪತ್ತು ತಾಸಿನ ಮೇಲೆ ಜೀವಂತ ಮೇಲೆ ಬಂತು. ಇಡೀ ಜಿಲ್ಲೆ ಉಸಿರು ಬಿಗಿಹಿಡಿದು ಕಾದಿತ್ತು, ಮಗು ಬಂದಾಗ ಕಣ್ಣೀರು ಹಾಕಿತ್ತು. ಒಂದು ಕಡೆ ದುಃಖ, ಇನ್ನೊಂದು ಕಡೆ ಸಂತೋಷ. ಆದರೆ ನೆಲದಲ್ಲಿದ್ದ ತೂತು ಎರಡೂ ಕಡೆ ಒಂದೇ ಬಗೆಯದು. ಇಂದಿಗೂ ಎಲ್ಲೋ ಒಂದು ಹೊಲದಲ್ಲಿ, ನೀರು ಬೀಳದೆ ಬಿಟ್ಟ, ಗೋಣಿಚೀಲ ಹೊದಿಸಿದ ಕೊಳವೆಬಾವಿ ಇರಬಹುದು. ಯಾವ ಮಗುವೂ ಅದರಲ್ಲಿ ಬಿದ್ದಿಲ್ಲ. ‘ಏನೂ ಆಗಿಲ್ಲ’ ಎಂದು ಅದನ್ನು ಹಾಗೆಯೇ ಬಿಡಬಹುದೇ? ಮುಚ್ಚಬೇಕೆನ್ನುವವನಿಗೆ ಹುಚ್ಚು ಎನ್ನಬಹುದೇ? ಅದೃಷ್ಟವನ್ನು ಒಳ್ಳೆಯತನವೆಂದು ತಿಳಿಯುವುದು ನಮ್ಮೆಲ್ಲರ ರೂಢಿ. ತಪ್ಪಿ ಬದುಕಿದವನು ಜಾಣನೂ ಆಗಿಬಿಡುತ್ತಾನೆ.

ಶಾಲೆಯಲ್ಲಿ ನಾವೂ ಇಂಥ ಒಂದು ಸಹಿ ಮಾಡುತ್ತೇವೆ. ಬಿಸಿಯೂಟ ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಸೇರಿದ ಊಟ ಮಾಡಿ 23 ಮಕ್ಕಳು ಸತ್ತ ಸುದ್ದಿಯನ್ನು ಯಾವ ಶಿಕ್ಷಕಿಯೂ ಮರೆಯಲಾರಳು. ವರ್ಷವಿಡೀ ಅನ್ನ ಸಾರು ಸರಿಯಾಗಿಯೇ ಇರುತ್ತವೆ. ಹಾಗೆಂದು ರುಚಿ ನೋಡದೆ, ತಿಂಗಳ ಕೊನೆಗೆ ಒಮ್ಮೆಲೇ ಮೂವತ್ತು ಸಹಿ ಎಳೆದರೆ ಮಕ್ಕಳಿಗೇನೂ ಆಗದಿರಬಹುದು. ಸಹಿಗೆ ಮಾತ್ರ ಆಗಬೇಕಾದದ್ದು ಆಗಿಹೋಗಿರುತ್ತದೆ.

ಇನ್ನೊಂದು ವಾದವಿದೆ. ವಿಮಾನ ನನ್ನದು, ಕೂರುವವನು ನಾನು, ಸತ್ತರೆ ನಾನೇ ಸಾಯುತ್ತೇನೆ, ನಡುವೆ ನಿನ್ನದೇನು ಎಂದು ಒಡೆಯ ಕೇಳಬಹುದು. ತನ್ನ ಪ್ರಾಣವನ್ನು ಪಣಕ್ಕಿಡುವ ಹಕ್ಕು ಮನುಷ್ಯನಿಗೆ ಇದೆಯೆಂದೇ ಇಟ್ಟುಕೊಳ್ಳೋಣ. ಆದರೆ ವಿಮಾನ ಅವನೊಬ್ಬನ ಮೇಲೆ ಮಾತ್ರ ಬೀಳುವುದಿಲ್ಲ. ಪಕ್ಕದ ಆಸನದಲ್ಲಿ ಮದುವೆಗೆ ಹೊರಟ ಮಕ್ಕಳಿದ್ದಾರೆ. ಕೆಳಗೆ ಹೊಲದಲ್ಲಿ ಎಡೆ ಹೊಡೆಯುವವನಿದ್ದಾನೆ. ಅವರನ್ನು ಯಾರೂ ಕೇಳಿಲ್ಲ. ಇಂಜಿನಿಯರನಿಗೆ ಸಂಬಳ ಕೊಡುವವನು ಒಡೆಯ. ಪರವಾನಗಿ ಕೊಟ್ಟದ್ದು ಸರ್ಕಾರ. ಸರ್ಕಾರ ಅದನ್ನು ಕೊಟ್ಟದ್ದು ಆ ಕೇಳದೆ ಉಳಿದವರ ಪರವಾಗಿ. ಒಡೆಯ ಕೊಂಡದ್ದು ಹುಡುಗನ ಕೈಗಳ ದುಡಿಮೆಯನ್ನು. ಅವನ ಕಣ್ಣು ಮಾತ್ರ ನಮ್ಮೆಲ್ಲರದು. ಸಂಬಳದ ಲೆಕ್ಕದಲ್ಲಿ ಆ ಕಣ್ಣನ್ನೂ ಸೇರಿಸಿಕೊಳ್ಳಲು ಬರುವುದಿಲ್ಲ.

ಹೆಸರಿನ ಒಡೆತನ ಎಷ್ಟು ಟೊಳ್ಳು ಎಂಬುದಕ್ಕೆ ನಮ್ಮೂರಲ್ಲೇ ಒಂದು ಸಾಕ್ಷಿಯಿದೆ. ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪು. ಹೆಸರಿನ ಅರ್ಥವೇ ‘ಮೈದಾನದ ಒಡೆಯ’. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ, 55 ಟನ್ ತೂಕದ ತೋಪು. 1854ರಲ್ಲಿ ಬ್ರಿಟಿಷರು ಹಳೆಯ ತೋಪುಗಳನ್ನು ಹರಾಜಿಗಿಟ್ಟಾಗ ಈ ಒಡೆಯನಿಗೆ ಬಂದ ಸವಾಲು 150 ರೂಪಾಯಿ. ತೀರ ಕಡಿಮೆಯಾಯಿತೆಂದು ಮಾರಲಿಲ್ಲ. ಅದರಿಂದಲೇ ಇಂದು ನಾವು ಅದನ್ನು ಮುಟ್ಟಿ ನೋಡುತ್ತೇವೆ. ಇದನ್ನು ಓದುವಾಗ ನನಗೆ ಉದ್ಯಮಿ ವಿಜಯ ಮಲ್ಯರ ವಿಮಾನದ ನೆನಪಾಯಿತು. ತೆರಿಗೆ ಬಾಕಿಗಾಗಿ ಜಪ್ತಿಯಾಗಿ ಮುಂಬೈ ವಿಮಾನ ನಿಲ್ದಾಣದಲ್ಲಿ ವರ್ಷಗಟ್ಟಲೆ ನಿಂತ ಆ ಐಷಾರಾಮಿ ವಿಮಾನಕ್ಕೆ 2016ರ ಹರಾಜಿನಲ್ಲಿ 152 ಕೋಟಿ ರೂಪಾಯಿ ಬೆಲೆ ನಿಗದಿ ಮಾಡಿದ್ದರು. ಬಂದ ಸವಾಲು ಸುಮಾರು ಒಂದು ಕೋಟಿ. ಕೊನೆಗೆ 2018ರಲ್ಲಿ ಸುಮಾರು 35 ಕೋಟಿಗೆ ಹೋಯಿತು. ತಪ್ಪು ಯಾರದು ಎಂಬ ವಿಚಾರ ಬೇರೆ, ಅದು ನ್ಯಾಯಾಲಯಗಳ ಕೆಲಸ. ನನಗೆ ಕಂಡದ್ದು ಇಷ್ಟು: ಕಾಗದದಲ್ಲಿ ಹೆಸರು ಯಾರದೇ ಇರಲಿ, ದಿನಾ ಕೈಯಾಡಿಸುವವರು ಇಲ್ಲದ ವಸ್ತುವಿನ ಬೆಲೆ ಕರಗುತ್ತ ಹೋಗುತ್ತದೆ.

ಒಡೆತನದ ಇನ್ನೊಂದು ತುದಿಯನ್ನೂ ನಮ್ಮ ನೆಲ ಕಂಡಿದೆ. ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ತಮ್ಮ ನಂತರ ಸ್ಮಾರಕವೂ ಬೇಡವೆಂದು ಬರೆದಿಟ್ಟು, 2023ರ ಜನವರಿ 2ರಂದು ಹೋದರು. ಏನನ್ನೂ ಇಟ್ಟುಕೊಳ್ಳದಿರುವುದು ಒಂದು ಪ್ರಾಮಾಣಿಕ ದಾರಿ. ನಾವು ಸಂಸಾರಿಗಳು, ನಮ್ಮ ಅಂಗಿಗೆ ಜೇಬು ಬೇಕು. ಹಾಗಾದರೆ ಇಟ್ಟುಕೊಂಡದ್ದನ್ನು ಪೂರ್ತಿ ನೋಡಿಕೊಳ್ಳುವುದು ಇನ್ನೊಂದು ಪ್ರಾಮಾಣಿಕ ದಾರಿ. ಇಟ್ಟುಕೊಂಡು, ನೋಡುವ ಕಷ್ಟವನ್ನು ಮಾತ್ರ ಇನ್ನೊಬ್ಬರಿಗೆ ದಾಟಿಸಿ, ಅವರು ‘ಸರಿಯಿಲ್ಲ’ ಎಂದಾಗ ಬಾಯಿ ಮುಚ್ಚಿಸುವುದಿದೆಯಲ್ಲ, ಅದಕ್ಕೆ ಒಡೆತನವೆಂಬ ಹೆಸರು ಸಲ್ಲದು.

ಇಷ್ಟನ್ನು ಆ ತಾಯಿಗೆ ನನಗೆ ತಿಳಿದ ಮಾತಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು, “ನೀವು ಹೇಳೂದು ಖರೆ ಐತ್ರಿ ಅಕ್ಕೋರ. ಸಾಲ ಖರೇಕ ತೀರೂದಿಲ್ಲಲ್ರಿ” ಎಂದರು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನ್ಯಾಯವಾಗಿ ನೋಡಿದರೆ ಉತ್ತರ ಕೊಡಬೇಕಾದವಳು ನಾನೂ ಅಲ್ಲ. ತಿಂಗಳಿಗೆ ಸರಿಯಾಗಿ ಸಂಬಳ ಬರುವವರು ಇನ್ನೊಬ್ಬರ ಧೈರ್ಯವನ್ನು ಹೊಗಳುವುದು ಬಹಳ ಸುಲಭ. ಈ ಪ್ರಕರಣದಲ್ಲಿ ಒಡೆಯರಿಗೆ ಆಗಬಹುದಾಗಿದ್ದ ನಷ್ಟ ಒಂದು ಮದುವೆಯೂಟ ಮತ್ತು ರಿಪೇರಿಯ ಖರ್ಚು. ಹುಡುಗನಿಗೆ ಆದ ನಷ್ಟ ಅನ್ನ. ಹೊಣೆ ಒಡೆಯನದು ಎಂದು ಕಾಯ್ದೆ ಮೇಲೆ ಬರೆದಿದ್ದರೂ, ಅದು ಕೈಯಿಂದ ಕೈಗೆ ಜಾರುತ್ತ ಬಂದು, ತಡೆಯುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವನ ಮೇಲೆ ಬಿತ್ತು. ನನಗೆ ಇದೇ ನಿಜವಾದ ಅನ್ಯಾಯವಾಗಿ ಕಾಣುತ್ತದೆ. ಹುಡುಗ ಮಾಡಿದ್ದು ಸರಿ ಎಂದು ಒಪ್ಪಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಸರಿ ಮಾಡಿದವನು ಮನೆಯಲ್ಲಿ ಕೂರಬೇಕಾಗಿ ಬರುವ ವ್ಯವಸ್ಥೆಯಲ್ಲಿ ಮುಂದಿನ ಹುಡುಗ ಸಹಿ ಮಾಡಿಬಿಡುತ್ತಾನೆ. ಅವನನ್ನು ಬೈಯುವ ಹಕ್ಕು ನಮಗೆ ಎಲ್ಲಿಂದ ಬರಬೇಕು?

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ನನ್ನ ತಂಗಿಯ ಮಗ ಮತ್ತು ಅವನ ಗೆಳೆಯರು ವಿಮಾನ ಕೊಳ್ಳುವಾಗಲೇ ಒಂದು ಕರಾರು ಬರೆದುಕೊಂಡಿದ್ದಾರೆ. ನಾಲ್ವರಲ್ಲಿ ಯಾರೇ ಆಗಲಿ, ಅವರ ಮೆಕ್ಯಾನಿಕ್ಕೇ ಆಗಲಿ, ‘ಇಂದು ಬೇಡ’ ಎಂದರೆ ಅಂದು ವಿಮಾನ ಹಾರುವುದಿಲ್ಲ. ಕಾರಣ ಆಮೇಲೆ ಕೇಳಬಹುದು. ತಪಾಸಣೆಯ ಖರ್ಚು ನಾಲ್ವರಿಗೂ ಸಮ. ಪರೀಕ್ಷಿಸಿದಾಗ ಏನೂ ಸಿಗದಿದ್ದರೂ ‘ಬೇಡ’ ಎಂದವರನ್ನು ಯಾರೂ ಆಡಿಕೊಳ್ಳುವಂತಿಲ್ಲ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ‘ಬೇಡ’ ಎನ್ನುವುದರ ಖರ್ಚನ್ನು ಅವರು ಪೆಟ್ರೋಲಿನ ಖರ್ಚಿನ ಹಾಗೆ ಮೊದಲೇ ಒಡೆತನದ ಲೆಕ್ಕಕ್ಕೆ ಸೇರಿಸಿದ್ದಾರೆ. ಅಷ್ಟು ಕೊಡಲಾಗದವರು ವಿಮಾನ ಕೊಳ್ಳುವಷ್ಟು ಶ್ರೀಮಂತರಲ್ಲವೆಂದೇ ತಿಳಿಯಬೇಕು.

ಈ ಮಾತು ಇನ್ನು ನಮಗೆ ದೂರದ್ದಲ್ಲ. ಸಣ್ಣ ಹಾರುವ ಯಂತ್ರಗಳು ನಮ್ಮ ಹೊಲಗಳಿಗೂ ಬಂದಿವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಔಷಧ ಹೊಡೆಯುವ ಡ್ರೋನಿಗೂ ವಿಮಾನದ ಹಾಗೆ ನೋಂದಣಿ ಸಂಖ್ಯೆ ಬೇಕು, ಹಾರಿಸುವವರಿಗೆ ಪ್ರಮಾಣಪತ್ರ ಬೇಕು. 2023ರ ನವೆಂಬರ್‌ನಲ್ಲಿ ಶುರುವಾದ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ, ನೂರಕ್ಕೆ ಎಂಬತ್ತರಷ್ಟು, ಎಂಟು ಲಕ್ಷ ರೂಪಾಯಿಯವರೆಗೆ ಸಹಾಯಧನ ಕೊಟ್ಟು ಡ್ರೋನ್ ಕೊಡಿಸುವ ಗುರಿ ಇಟ್ಟುಕೊಂಡರು. ಅಂದರೆ ಆಕಾಶದಲ್ಲಿ ಹಾರುವ ಯಂತ್ರದ ಒಡೆತಿ ಈಗ ನಮ್ಮ ಪಕ್ಕದ ಮನೆಯ ಅಕ್ಕನೂ ಆಗಬಹುದು. ಕೊಡಿಸಲು ಸಹಾಯಧನವಿದೆ; ಬ್ಯಾಟರಿ ಉಬ್ಬಿದೆ, ಪಂಖ ಸೀಳಿದೆ, ಇಂದು ಹಾರಿಸುವುದು ಬೇಡ ಎಂದವಳ ಆ ದಿನದ ಗಳಿಕೆ ಹೋದರೆ ಕೊಡುವವರು ಯಾರು? ಸಂಘದ ಠರಾವಿನ ಪುಸ್ತಕದಲ್ಲಿ ಇದನ್ನು ಮೊದಲ ದಿನವೇ ಬರೆದುಕೊಂಡರೆ ಒಳ್ಳೆಯದು. ಆ ಹುಡುಗ ಈಗ ತಿಕೋಟಾದಲ್ಲಿ ಇಂಥ ಡ್ರೋನುಗಳ ರಿಪೇರಿ ಮಾಡುತ್ತಿದ್ದಾನೆ. ಗಳಿಕೆ ಮೊದಲಿನ ಅರ್ಧವೂ ಇಲ್ಲ. ಸಾಲ ಇನ್ನೂ ಇದೆ. ಪರವಾನಗಿ ಅವನ ಹತ್ತಿರವೇ ಇದೆ, ಬೇರೆ ಕಡೆ ಅರ್ಜಿ ಹಾಕುತ್ತಿದ್ದಾನೆ.

ನಾವು ಮಕ್ಕಳಿಗೆ ಸಹಿ ಮಾಡುವುದನ್ನು ಕಲಿಸುತ್ತೇವೆ. ಅಕ್ಷರ ಬಾರದವನು ಹೆಬ್ಬೆಟ್ಟು ಒತ್ತುವ ಕಾಲ ಹೋಯಿತೆಂದು ಹೆಮ್ಮೆಪಡುತ್ತೇವೆ. ಎಲ್ಲಿ ಸಹಿ ಮಾಡಬಾರದು ಎಂಬುದನ್ನೂ ಕಲಿಸುವುದು ನಮ್ಮ ಕೆಲಸವೇ. ಆದರೆ ಅದನ್ನು ಕಲಿತ ಹುಡುಗನ ಬೆನ್ನಿಗೆ ನಿಲ್ಲುವ ಊರೊಂದು ಬೇಕು. ಇಲ್ಲವಾದರೆ ಕಲಿಸಿದ ನಾವು ಪಾಠ ಹೇಳಿ ಸಂಬಳ ಎಣಿಸಿಕೊಳ್ಳುತ್ತೇವೆ, ಪಾಠದ ಬೆಲೆಯನ್ನು ಕಲಿತವನ ಮನೆಯವರು ತೆರುತ್ತಾರೆ. ಆ ತಾಯಿಯ ಪ್ರಶ್ನೆಯಲ್ಲಿ ನನಗೆ ಕೇಳಿಸಿದ್ದು ಇದೇ.